ಶನಿಯನ್ನು ನೋಡಿದ ಅಜ್ಜಿ

ಕೌಲ್ ಬಜಾರಿನ ನಮ್ಮ ಓಣಿಯ ಟೇಲರೊಬ್ಬರು ತಿಂಗಳಿಗೊಮ್ಮೆ ದೂರದರ್ಶಕವನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋಗಿ, ಊರೂರಲ್ಲಿ ಆಕಾಶ ತೋರಿಸುತ್ತಿದ್ದರು. ಯಾರು ನಕ್ಕರೂ, "ಮೊದಲ ನೋಡ್ರಿ, ಆಮ್ಯಾಲ ಬೈರಿ" ಎನ್ನುತ್ತಿದ್ದರು.

ಒಂದು ಸಂಜೆ ನಾನೂ ಅವರ ಜೊತೆ ಸಿರುಗುಪ್ಪಕ್ಕೆ ಹೋಗಿದ್ದೆ. ಅಲ್ಲಿ ಚಂದ್ರನನ್ನು ಖುಷಿಯಿಂದ ನೋಡಿದ ಜನ, ಮುಂದಿನದು ಶನಿ ಗ್ರಹ ಎಂದೊಡನೆ ಹಿಂದೆ ಸರಿದರು.

"ಶನಿ ಕಣ್ಣಿಗೆ ನಾವಾಗೇ ಹೋಗಿ ಬೀಳೋದೇನ್ರಿ?"

ಟೇಲರ ಮುಖ ಬಾಡಿತು. ಶನಿಯ ಸುತ್ತಲಿನ ಉಂಗುರ ತೋರಿಸಲೆಂದೇ ಅವರು ಅಷ್ಟು ದೂರ ಬಂದಿದ್ದರು.

ಆಗ ಅಜ್ಜಿಯೊಬ್ಬಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು. "ಏಳೂವರೆ ವರ್ಸ ಅವ ನನ್ನ ನೋಡ್ಯಾನ. ಇವತ್ತ ನಾ ಅವನ್ನ ನೋಡ್ತೀನಿ, ಸರೀರಿ."

ನೋಡಿ ನಕ್ಕಳು. "ಬಳಿ ಹಾಕ್ಕೊಂಡು ಕುಂತಾನ. ಇವನಿಗೇನ್ ಅಂಜ್ತೀರಿ, ಬರ್ರಿ."

ಸಾಲು ಮತ್ತೆ ಕೂಡಿತು. ಎಲ್ಲರೂ ನೋಡಿದ ಮೇಲೆ ಟೇಲರು, "ಈಗ ಬೈರಿ" ಎಂದು ಕೈಕಟ್ಟಿ ನಿಂತರು. ಯಾರೂ ಬೈಯಲಿಲ್ಲ.

"ಇವ್ರು ನಮ್ಮ ಓಣ್ಯಾವ್ರು" ಎಂದು ಕೇಳದವರಿಗೂ ನಾನು ಹೇಳಿದೆ.