ನನ್ನ ಹೆಸರಿನ ಎಡೆ

ಕೊರೊನಾ ಕಾಲ ಮುಗಿದು ಎರಡು ವರ್ಷ ಆಗಿತ್ತು. ಆ ವರ್ಷದ ಬೇಸಿಗೆಯಲ್ಲಿ ನನ್ನ ಹೊಟ್ಟೆ ಉಬ್ಬತೊಡಗಿತು. ವಾಯುವಿರಬೇಕೆಂದು ಓಂಕಾಳು ಅಗಿಯುತ್ತ ಒಂದು ತಿಂಗಳು ಕಳೆದೆ. ಹುಬ್ಬಳ್ಳಿಯಲ್ಲಿ ತೋರಿಸಿದಾಗ ಅಂಡಾಶಯದ ಕ್ಯಾನ್ಸರ್ ಎಂದರು. ಅದು ಹೊಟ್ಟೆಯ ಒಳಪೊರೆಗೆಲ್ಲ ಹರಡಿತ್ತು. ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋಗಿ ಎಂದು ಚೀಟಿ ಬರೆದುಕೊಟ್ಟರು.

ನಮ್ಮದು ಅಣ್ಣಿಗೇರಿ. ಗಂಡನಿಗೆ ಕಾಳಿನ ವ್ಯಾಪಾರ, ನಾನು ಮನೆಯಲ್ಲೇ ಕುಪ್ಪಸ ಹೊಲಿಯುತ್ತೇನೆ. ಮನೆಯಲ್ಲಿ ಉಳಿದವರು ಅತ್ತೆ ನೀಲವ್ವ ಒಬ್ಬರೇ. ಆಗಲೇ ಅವರಿಗೆ ಮರೆವು ಶುರುವಾಗಿತ್ತು. ಹಾಲು ಒಲೆಯ ಮೇಲಿಟ್ಟು ಮರೆಯುತ್ತಿದ್ದರು, ಸತ್ತುಹೋದ ತಮ್ಮನನ್ನು ಊಟಕ್ಕೆ ಕರೆಯುತ್ತಿದ್ದರು. ಎದುರುಮನೆಯ ಶಾಂತವ್ವ, "ನೀವು ಹೋಗಿ ಬರ್ರಿ, ನಾ ನೋಡ್ಕೋತೀನಿ" ಎಂದಳು. ಅವಳ ಮೇಲೆ ಭಾರ ಹಾಕಿ ಹೊರಟೆವು.

ಮೊದಲು ಕಿಮೋ ಕೊಟ್ಟು ಗಡ್ಡೆಗಳನ್ನು ಕುಗ್ಗಿಸಿದರು. ಆಮೇಲೆ ಶಸ್ತ್ರಕ್ರಿಯೆ. ವೈದ್ಯೆ ನಮ್ಮ ಗದಗ ಕಡೆಯವರೇ. ಕಣ್ಣಿಗೆ ಕಾಣುವ ಗಡ್ಡೆಗಳನ್ನೆಲ್ಲ ತೆಗೆದ ಮೇಲೆ, ಆಪರೇಷನ್ ಟೇಬಲ್ ಮೇಲೆಯೇ ಬಿಸಿ ಮಾಡಿದ ಕಿಮೋ ಔಷಧವನ್ನು ಹೊಟ್ಟೆಯೊಳಗೆ ಬಿಟ್ಟು ಸುತ್ತಾಡಿಸುತ್ತೇವೆ ಎಂದರು. ನನ್ನ ಗಂಡ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರು. "ಕುದಿಯೂ ಔಷಧ ಏನ್ರಿ?"

"ಕುದಿಯೂದಲ್ರಿ. ಜೋರ ಜ್ವರ ಬಂದ್ರ ಮೈ ಸುಡತೈತಲ್ಲ, ಅದಕ್ಕಿಂತ ಚೂರು ಹೆಚ್ಚು, ಅಷ್ಟ. ಕಣ್ಣಿಗೆ ಕಾಣದ ಕಣ ಉಳದಿರತಾವು. ಬಿಸಿಗೆ ಅವು ಸೊರಗತಾವು, ಔಷಧನೂ ಚಲೋ ಹಿಡೀತೈತಿ. ಎಲ್ಲಾರಿಗೂ ಇದು ಆಗಿಬರೂದಿಲ್ರಿ. ಪೂರಾ ವಾಸಿ ಆಗೇ ಆಗತೈತಿ ಅಂತ ನಾ ಮಾತ ಕೊಡಂಗಿಲ್ಲ. ಆದ್ರ ಇವರಿಗೆ ಮಾಡಿ ನೋಡಬೇಕು ಅನಸ್ತೈತಿ."

ನಾನು ಹೂಂ ಎಂದೆ. ಅರಿವಳಿಕೆ ಕೊಟ್ಟ ಮೇಲೆ ನನಗೇನೂ ಗೊತ್ತಾಗಲಿಲ್ಲ. ಕನಸೂ ಬೀಳಲಿಲ್ಲ. ಆ ದಿನ ನನ್ನ ಬದುಕಿನಲ್ಲಿ ಇಲ್ಲವೇ ಇಲ್ಲ.

ಎಲ್ಲ ಸೇರಿ ನಾಲ್ಕು ತಿಂಗಳು ಅಲ್ಲೇ ಉಳಿದೆವು. ಶ್ರಾವಣದಲ್ಲಿ ಊರಿಗೆ ಬಂದಾಗ ತಲೆಯಲ್ಲಿ ಕೂದಲಿರಲಿಲ್ಲ, ಹುಬ್ಬೂ ಇರಲಿಲ್ಲ. ಮೈ ಕಪ್ಪಿಟ್ಟು ಅರ್ಧವಾಗಿತ್ತು. ಕಿಮೋದಿಂದ ಬೆರಳು, ಅಂಗಾಲು ಜೋಮು ಹಿಡಿದಿದ್ದವು. ನಡೆದರೆ ನೆಲ ತಾಗಿದ್ದು ತಿಳಿಯುತ್ತಿರಲಿಲ್ಲ.

ಅತ್ತೆ ಕಟ್ಟೆಯ ಮೇಲೆ ಕೂತಿದ್ದರು. ಮಗನನ್ನು ಗುರುತು ಹಿಡಿದರು. ನನ್ನನ್ನು ಕೆಳಗಿನಿಂದ ಮೇಲೆ ನೋಡಿ ಕೇಳಿದರು, "ಇಕಿ ಯಾರಪಾ?"

"ಯವ್ವಾ, ಗಿರಿಜಾ. ನಿನ್ನ ಸೊಸಿ."

ಅತ್ತೆ ಮಗನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಸಮಾಧಾನ ಮಾಡುವ ದನಿಯಲ್ಲಿ ಹೇಳಿದರು, "ಗಿರಿಜಾ ಹೋದ್ಲಲ್ಲಪಾ. ಹೊಟ್ಟಿ ಸೀಳಿ ಕುದಿಯೂ ಔಷಧ ಹಾಕಿದ್ರು. ಯಾರರ ಉಳಿತಾರೇನು? ಮಣ್ಣ ಕೊಟ್ಟ ಬಂದೇವಿ. ಮರ್ತಿ ಏನು?"

ಕೈಯಲ್ಲಿ ಚೀಲ ಹಿಡಿದು ನಾನು ಹೊಸ್ತಿಲ ಹೊರಗೆ ನಿಂತಿದ್ದೆ. ಒಳಗೆ ಕಾಲಿಡಲು ಧೈರ್ಯವಾಗಲಿಲ್ಲ.

ಸಂಜೆ ಶಾಂತವ್ವ ಬಂದು ಅತ್ತಳು. "ನಿಮ್ಮ ಮನಿಯವ್ರು ಫೋನಿನ್ಯಾಗ ಹೇಳಿದ್ದು ಕೇಳಿ ಓಣಿ ಹೆಣಮಕ್ಕಳು ಬಂದು ಕುಂತು, ಕುದಿಯೂ ಔಷಧ ಹಾಕ್ಯಾರಂತ, ಉಳಿಯೂದಿಲ್ಲಂತ ಅಂದ್ರಕ್ಕಾ. ಮುದುಕಿ ಅದನ್ನ ಮನಸಿನ್ಯಾಗ ಇಟಗೊಂಡ್ಲು. ನಾ ಎಷ್ಟ ಹೇಳಿದ್ರೂ ಕೇಳಲಿಲ್ಲ."

ದಿನ ಕಳೆದಂತೆ ಸರಿಹೋಗಬಹುದೆಂದುಕೊಂಡೆವು. ಆಗಲಿಲ್ಲ. ಸೊಸೆ ಸತ್ತ ಮೇಲೆ ಮನೆಗೆಲಸಕ್ಕೆಂದು ಮಗ ತಂದ ಹೆಂಗಸು ನಾನು ಎಂದು ಅತ್ತೆ ತಿಳಿದುಕೊಂಡರು. ನನ್ನನ್ನು "ತಂಗಿ" ಎಂದು ಕರೆದರು. ಮೊದಲಿಗಿಂತ ಮೆತ್ತಗೆ ಮಾತಾಡಿದರು. ಮಧ್ಯಾಹ್ನ ನಾನು ಅವರ ಕಾಲಿಗೆ ಎಣ್ಣೆ ಹಚ್ಚಲು ಕೂತರೆ ನನ್ನ ಸಾವಿನ ಕತೆ ತೆಗೆಯುತ್ತಿದ್ದರು. ಮಳೆ ಹನಿಯುತ್ತಿತ್ತಂತೆ. ಕುಣಿಯಲ್ಲಿ ನೀರು ನಿಂತು ಎರೆಮಣ್ಣು ಕಾಲಿಗೆ ಹತ್ತಿತಂತೆ. ನನಗೆ ಹಸಿರು ಇಳಕಲ್ ಸೀರೆ ಉಡಿಸಿದ್ದರಂತೆ. ಪ್ರತಿ ಸಲವೂ ಅದೇ ಮಳೆ, ಅದೇ ಕೆಸರು. ಒಂದು ಮಾತೂ ಆಚೀಚೆ ಆಗುತ್ತಿರಲಿಲ್ಲ. ಹಾಲಿಟ್ಟದ್ದನ್ನು ಮರೆಯುವ ಮುದುಕಿ ನನಗೆ ಕೊಡದೇ ಇದ್ದ ಮಣ್ಣನ್ನು ಅಷ್ಟು ಸ್ಪಷ್ಟವಾಗಿ ನೆನಪಿಟ್ಟಿದ್ದರು.

ಒಂದು ದಿನ ತಡೆಯಲಾರದೆ ಟ್ರಂಕು ತೆರೆದೆ. ಮಡಿಸಿಟ್ಟು ಹೋಗಿದ್ದ ನನ್ನ ಹಸಿರು ಇಳಕಲ್ ಸೀರೆ ಇರಲಿಲ್ಲ. ಬುಡದವರೆಗೆ ಬಟ್ಟೆ ತೆಗೆದು ಮತ್ತೆ ಹುಡುಕಿದೆ.

ಎರಡು ದಿನದ ನಂತರ ಬೆಳಿಗ್ಗೆ ನೀರು ತುಂಬುವಾಗ ನೋಡಿದೆ. ಅದೇ ಹಸಿರು ಸೀರೆ ಉಟ್ಟ ಹೆಂಗಸೊಬ್ಬಳು ಬೆನ್ನು ತಿರುಗಿಸಿ ಓಣಿಯಲ್ಲಿ ಹೋಗುತ್ತಿದ್ದಳು. ನನ್ನಷ್ಟೇ ಎತ್ತರ. ತಲೆ ತುಂಬ ಕೂದಲು, ಕಾಯಿಲೆಗೆ ಮುಂಚೆ ನನಗಿದ್ದಂಥದೇ ತುರುಬು. ಹೋಗುತ್ತಿರುವವಳು ನಾನು, ಇಲ್ಲಿ ಕೊಡ ಹಿಡಿದವಳು ಬೇರೆ ಯಾರೋ ಅನಿಸಿತು. ಕೂಗಲು ಬಾಯಿ ತೆರೆದರೆ ಯಾವ ಹೆಸರು ಕೂಗಬೇಕೋ ತಿಳಿಯಲಿಲ್ಲ. ಅವಳು ತಿರುಗಿ ನೋಡಿದಳು. ಶಾಂತವ್ವ. ಸೆರಗು ಮುದುರಿ ಹಿಡಿದು ನನ್ನ ಹತ್ತಿರ ಬಂದಳು.

"ಸತ್ತವರ ಸೀರಿ ಮನ್ಯಾಗ ಇಡಬಾರದು ಅಂತ ಮುದುಕಿ ಕಾಲ ಬಿದ್ಲಕ್ಕಾ. ಆಕಿ ಸಮಾಧಾನಕ್ಕ ಇಸಗೊಂಡೆ. ಉಡಬಾರದಿತ್ತು, ತಪ್ಪಾತು."

ನಾನು ಸೀರೆ ವಾಪಸು ಕೇಳಲಿಲ್ಲ. ಆ ಸೀರೆ ಉಡುವ ಧೈರ್ಯವೂ ನನಗಿರಲಿಲ್ಲ.

ಹಾಗೆಂದು ಬರೀ ಹೆದರಿಕೆಯೇ ಇತ್ತು ಎಂದರೆ ಸುಳ್ಳಾದೀತು. ಎಣ್ಣೆ ಹಚ್ಚುವಾಗ ಅತ್ತೆ ಇನ್ನೂ ಏನೇನೋ ಹೇಳುತ್ತಿದ್ದರು. "ಬಾಯಿ ಭಾಳ ಜೋರ ಆಕಿದು. ಸಾರಿಗೆ ಉಪ್ಪಂತೂ ಎಂದೂ ಸರಿ ಹಾಕಲಿಲ್ಲ. ಆದ್ರ ನನ್ನ ಬಿಟ್ಟು ಒಂದ ದಿನಾ ಉಂಡಾಕಿ ಅಲ್ಲ. ನಾನ ಆಕಿಗೆ ಒಂದ ಚಲೋ ಮಾತ ಆಡಲಿಲ್ಲ ತಂಗಿ." ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಕೇಳದ ಮಾತನ್ನು ನಾನು ಸತ್ತ ಮೇಲೆ ಕೇಳುತ್ತಿದ್ದೆ. ನಾನೇ ಗಿರಿಜಾ ಎಂದು ಹೇಳಬೇಕೆಂದು ನಾಲಿಗೆಯ ತುದಿಗೆ ಬರುತ್ತಿತ್ತು. ಹೇಳಿದರೆ ಈ ಮಾತು ನಿಂತುಹೋಗುತ್ತದೆಂದು ಎಣ್ಣೆ ಹಚ್ಚುತ್ತಲೇ ಇರುತ್ತಿದ್ದೆ.

ಮಾನೌಮಿ ಅಮವಾಸ್ಯೆ ಬಂತು. ನಮ್ಮಲ್ಲಿ ಅಂದು ತೀರಿದ ಹಿರಿಯರಿಗೆ ಎಡೆ ಇಡುತ್ತೇವೆ. ಮಾವನವರ ಎಡೆಯ ಜೊತೆ ಗಿರಿಜಾಳ ಎಡೆಯೂ ಆಗಬೇಕೆಂದು ಅತ್ತೆ ಹಟ ಹಿಡಿದರು. ನನ್ನ ಗಂಡ ಸಿಡಿದರು. "ಜೀವಂತ ಇದ್ದಾಕಿಗೆ ಎಡಿ ಇಡ್ತಾರೇನಬೇ ಯವ್ವಾ? ಅಪಶಕುನ!" ಅತ್ತೆ ಊಟ ಬಿಟ್ಟರು. ಕೊನೆಗೆ ನಾನೇ ಹೇಳಿದೆ, "ಇಡಲಿ ಬಿಡ್ರಿ."

ಹೋಳಿಗೆ ಮಾಡಿದವಳು ನಾನು. ಕೋಸಂಬರಿ, ಬದನೆಕಾಯಿ ಪಲ್ಯ, ಅನ್ನ ಬಡಿಸಿದವಳೂ ನಾನೇ. ಮಧ್ಯಾಹ್ನದ ಬಿಸಿಲಿನಲ್ಲಿ ಮಾಳಿಗೆಯ ಮೇಲೆ ಎರಡು ಎಲೆ ಇಟ್ಟೆವು. ಅತ್ತೆ ಸೆರಗೊಡ್ಡಿ ಕರೆದರು, "ಗಿರಿಜಾ, ಬಾರಬೇ, ಉಣ್ಣ ಬಾ." ಅವರ ಬೆನ್ನ ಹಿಂದೆ ನಾನು ನಿಂತಿದ್ದೆ.

ಕಾಗೆಗಳು ಬಂದು ಗೋಡೆಯ ಮೇಲೆ ಸಾಲಾಗಿ ಕೂತವು. ಮಾವನವರ ಎಲೆಗೆ ಇಳಿದು ತಿಂದವು. ನನ್ನ ಎಲೆಯನ್ನು ಮುಟ್ಟಲಿಲ್ಲ. ಒಂದು ಕಾಗೆ ಹತ್ತಿರ ಬಂದು, ಕತ್ತು ಓರೆ ಮಾಡಿ ನನ್ನನ್ನೇ ನೋಡಿ, ಹಾರಿಹೋಯಿತು. ಅತ್ತೆ ಮತ್ತೆ ಕರೆದರು. ದನಿ ಬಿರಿಯುತ್ತ ಬಂತು. "ಸಿಟ್ಟಾಗ್ಯಾಳ. ನನ್ನ ಮ್ಯಾಲ ಸಿಟ್ಟಾಗಿ ಹೋಗ್ಯಾಳ." ನೆಲಕ್ಕೆ ಕೂತು ಮಗುವಿನಂತೆ ಅತ್ತರು.

ನನಗೆ ಏನಾಯಿತೋ ತಿಳಿಯದು. ಮುಂದೆ ಹೋಗಿ ಎಲೆಯ ಮುಂದೆ ಕೂತೆ. ಗಂಡ "ಗಿರಿಜಾ, ಬ್ಯಾಡ" ಎಂದರು. ನಾನು ಹೋಳಿಗೆ ಮುರಿದು ಬಾಯಿಗಿಟ್ಟೆ. ಬೆರಳಿಗೆ ಅದು ಬಿಸಿಯೋ ತಣ್ಣಗೋ ತಿಳಿಯಲಿಲ್ಲ. ಸತ್ತವರ ಅನ್ನ ಎಂದು ಮನಸ್ಸು ಹೇಳುತ್ತಿತ್ತು. ಒಂದಗುಳೂ ಬಿಡದೆ ಉಂಡೆ.

ಅತ್ತೆ ಅಳು ನಿಲ್ಲಿಸಿ ನೋಡುತ್ತಿದ್ದರು. ಆಮೇಲೆ ತೆವಳಿಕೊಂಡು ಹತ್ತಿರ ಬಂದು ನನ್ನ ಹೊಟ್ಟೆಯ ಮೇಲೆ, ಸರಿಯಾಗಿ ಹೊಲಿಗೆ ಹಾಕಿದ ಜಾಗದಲ್ಲಿ, ಅಂಗೈ ಇಟ್ಟರು.

"ಹೊಟ್ಟಿ ಉರಿ ತಣ್ಣಗಾತೇನಬೇ?"

ಯಾರನ್ನು ಕೇಳಿದರೋ ಇವತ್ತಿಗೂ ನನಗೆ ಗೊತ್ತಿಲ್ಲ. "ತಣ್ಣಗಾತ್ರಿ ಅತ್ತಿ" ಎಂದೆ. ಅವರು ತಲೆಯಾಡಿಸಿ, ಮಗನ ಕೈ ಹಿಡಿದು ಮೆಟ್ಟಿಲಿಳಿದು ಹೋದರು.

ಅಂದಿನಿಂದ ಅತ್ತೆ ಮಳೆಯ, ಕೆಸರಿನ ಕತೆ ಹೇಳಲಿಲ್ಲ. ನನ್ನನ್ನು ಗಿರಿಜಾ ಎಂದೂ ಕರೆಯಲಿಲ್ಲ. ಮರುವರ್ಷ ಬೇಸಿಗೆಯಲ್ಲಿ ನಿದ್ದೆಯಲ್ಲೇ ಹೋದರು. ಕೊನೆಯವರೆಗೂ ಅವರಿಗೆ ನಾನು ತಂಗಿಯೇ.

ಸ್ಕ್ಯಾನ್‌ನಲ್ಲಿ ಈವರೆಗೆ ಏನೂ ಕಂಡಿಲ್ಲ. "ಬರ್ತಾ ಇರ್ರಿ, ಬಿಡಬ್ಯಾಡ್ರಿ" ಎನ್ನುತ್ತಾರೆ ವೈದ್ಯೆ. ಕೂದಲು ಬಂದಿದೆ, ಮತ್ತೆ ಹೊಲಿಯುತ್ತಿದ್ದೇನೆ. ಜನ ನನ್ನನ್ನು ಸಾವು ಗೆದ್ದವಳು ಎನ್ನುತ್ತಾರೆ. ನನಗೆ ಹಾಗನಿಸುವುದಿಲ್ಲ. ನಮ್ಮ ಮನೆಯಲ್ಲಿ ಒಬ್ಬ ಗಿರಿಜಾ ಸತ್ತಿದ್ದಾಳೆ. ಅವಳಿಗಾಗಿ ಒಂದು ಜೀವ ಮನಸಾರೆ ಅತ್ತಿದೆ. ಅವಳ ಪಾಲಿನ ಅನ್ನ ನಾನು ಉಂಡಿದ್ದೇನೆ. ಈಗಲೂ ಯಾರಾದರೂ ಹಿಂದಿನಿಂದ ಹೆಸರು ಹಿಡಿದು ಕರೆದರೆ ತಟ್ಟನೆ ಓ ಎನ್ನಲಾಗುವುದಿಲ್ಲ. ಒಂದು ಗಳಿಗೆ ಸುಮ್ಮನೆ ನಿಲ್ಲುತ್ತೇನೆ, ಮೊದಲು ಅವಳು ಓಗೊಡುತ್ತಾಳೇನೋ ಎಂದು.