ಪಂಢರಿ ಮಾಸ್ತರರು ಕೇಳದ ಹನ್ನೊಂದು ಓಟು

ಇಳಕಲ್ಲಿನಲ್ಲಿ ಯಾವ ಚುನಾವಣೆ ಬಂದರೂ ಯಾರು ಗೆಲ್ಲುತ್ತಾರೆಂದು ಕೇಳಲು ಜನ ಮೊದಲು ಹೋಗುತ್ತಿದ್ದುದು ಪಂಢರೀನಾಥ ಮಾಸ್ತರರ ಕಟ್ಟೆಗೆ. ಓಟು ಯಾರಿಗೆ ಎಂದು ಅವರು ಯಾರನ್ನೂ ನೇರವಾಗಿ ಕೇಳುವವರಲ್ಲ. ಶಾಲೆ ಬಿಟ್ಟ ಮೇಲೆ ಕರಿ ಟೊಪ್ಪಿಗೆ ಹಾಕಿಕೊಂಡು ಓಣಿ ಸುತ್ತುತ್ತ, ಚುನಾವಣೆಗೆ ನಿಂತವರ ಮಾತು ತೆಗೆಯುವರು. "ಹಾಕ್ತೇನಿ ಬಿಡ್ರಿ" ಎಂದು ಬೇಗ ಒಪ್ಪಿದವನ ಓಟು ಬರುವುದಿಲ್ಲ. ಮಗ್ಗ ನಿಲ್ಲಿಸಿ ಜಗಳ ತೆಗೆದವನದು ಬರುತ್ತದೆ. ಇದು ಅವರ ಅನುಭವ. ಈವರೆಗೆ ಅದು ತಪ್ಪಿರಲಿಲ್ಲ.

ಐವತ್ತೇಳನೇ ಇಸವಿಯಲ್ಲಿ ನೇಕಾರರ ಸಂಘಕ್ಕೆ ಅಧ್ಯಕ್ಷರ ಚುನಾವಣೆ ಬಂತು. ಒಂಬತ್ತು ವರ್ಷದಿಂದ ಹೊಳಬಸಪ್ಪನೇ ಅಧ್ಯಕ್ಷ; ಎದುರು ನಿಂತವರಿಲ್ಲ. ಅರ್ಜಿ ಕೊಡಲು ಎರಡೇ ದಿನ ಉಳಿದಾಗ ಮಲಕಪ್ಪ ಎಂಬ ನೇಕಾರ ಮಾಸ್ತರರ ಕಟ್ಟೆಗೆ ಬಂದು ಕೂತ.

"ನಿಂತ್ರ ಹೆಂಗ್ರಿ ಮಾಸ್ತರ? ಸೋತ್ರ ಹೊಳಬಸಪ್ಪ ನನಗ ಸಂಘದ ನೂಲು ಕೊಡೂದಿಲ್ಲ. ಮಗ್ಗ ಬಿಚ್ಚಿ ಅಟ್ಟಕ್ಕ ಹಾಕಬೇಕಾಗ್ತೈತಿ."

ಮಾಸ್ತರರು ಮರುದಿನ ಓಣಿ ಸುತ್ತಿ ಬಂದು ಹೇಳಿದರು: "ಒಟ್ಟು ನೂರಾ ಇಪ್ಪತ್ತೊಂದು. ನಿನಗ ಐವತ್ಮೂರು, ಅವಗ ಅರವತ್ತೆಂಟು. ಸುಮ್ನ ಮಗ್ಗಕ್ಕ ಕೂಡು."

ಮಲಕಪ್ಪ ತಲೆಯಾಡಿಸಿ ಎದ್ದುಹೋದ.

ಅರ್ಜಿಯ ಕಡೆಯ ದಿನ ಮಧ್ಯಾಹ್ನ, ಪಡಸಾಲೆಯಲ್ಲಿ ರಾಟಿ ತಿರುವುತ್ತಿದ್ದ ಸಕ್ರವ್ವ ಮಾಸ್ತರರನ್ನು ಕೂಗಿ ನಿಲ್ಲಿಸಿದಳು. ಗಂಡ ತೀರಿದ ಮೇಲೆ ಸಂಘದ ಶೇರು ಅವಳ ಹೆಸರಿಗಾಗಿತ್ತು.

"ಎಲ್ಲಾರ್ನೂ ಮಾತಾಡ್ಸಿದ್ರಂತ. ನನ್ನ ಓಟು ಸತ್ತೈತೇನ್ರಿ?"

"ನಿಮ್ಮ ಮೈದುನ ಹೇಳ್ಯಾನಲ್ಲವಾ, ನಿಮ್ಮನಿ ಎರಡೂ ಹೊಳಬಸಪ್ಪಗ ಅಂತ."

"ಚೀಟಿ ಹಾಕೂಮುಂದ ಡಬ್ಬಿ ಒಳಗ ಅವ ಕುಂತಿರ್ತಾನೇನ್ರಿ?"

ಪಕ್ಕದಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದ ಹೆಂಗಸರು ಬಾಯಿಗೆ ಸೆರಗಿಟ್ಟು ನಕ್ಕರು.

ಸಂಘದಲ್ಲಿ ಹೀಗೆ ವಿಧವೆಯರ ಹೆಸರಿನ ಓಟು ಹನ್ನೊಂದಿದ್ದವು. ಹನ್ನೊಂದನ್ನೂ ಮಾಸ್ತರರು ಮೈದುನರ ಬಾಯಿಂದಲೇ ಕೇಳಿ ಹೊಳಬಸಪ್ಪನ ಲೆಕ್ಕಕ್ಕೆ ಬರೆದಿದ್ದರು. ನಿಂತಲ್ಲೇ ಬೆರಳು ಮಡಿಚಿ ಎಣಿಸಿದರು. ಸುಮ್ಮನಿದ್ದರೆ ಅವರ ಲೆಕ್ಕ ತಪ್ಪಿದ್ದು ಯಾರಿಗೂ ತಿಳಿಯುತ್ತಿರಲಿಲ್ಲ.

ಅವರು ಸೀದಾ ಮಲಕಪ್ಪನ ಮನೆಗೆ ಹೋದರು.

"ನನ್ನ ಲೆಕ್ಕ ತಪ್ಪೇದಪಾ. ಹೆಣ್ಣಮಕ್ಕಳೊಳಗ ಎಂಟು ಬಂದ್ರ ಗೆಲ್ತೀ, ಏಳು ಬಂದ್ರ ಸೋಲ್ತೀ. ಇದರ ಮ್ಯಾಲ ನನಗ ತಿಳಿಯೂದಿಲ್ಲ."

ಮಲಕಪ್ಪ ಮಗ್ಗದ ಕುಣಿಯಿಂದ ಎದ್ದು ಅಂಗಿ ಹಾಕಿಕೊಂಡ. "ತಿಳಿಯೂದಿಲ್ಲ ಅಂತ ನೀವು ಅಂದದ್ದು ಇವತ್ತ ಕೇಳಿದೆ ನೋಡ್ರಿ" ಎಂದು ನಕ್ಕು ಅರ್ಜಿ ಕೊಡಲು ಹೋದ.

ಚುನಾವಣೆಯ ದಿನ ಸಕ್ರವ್ವ ಆರು ಹೆಂಗಸರನ್ನು ಕರೆದುಕೊಂಡು ಬಂದು ಚೀಟಿ ಹಾಕಿಸಿ ತಾನೂ ಹಾಕಿದಳು. ಉಳಿದ ನಾಲ್ವರು ಮೈದುನರ ಹಿಂದೆ ಬಂದರು. ಮಲಕಪ್ಪ ಒಂದು ಓಟಿನಿಂದ ಸೋತ.

ಮುಂದಿನ ವಾರ ಅವನ ನೂಲು ತಪ್ಪದೆ ಬಂತು. ಒಂದೇ ಓಟಿನಿಂದ ಗೆದ್ದ ಅಧ್ಯಕ್ಷ ಯಾರ ನೂಲನ್ನೂ ನಿಲ್ಲಿಸುವ ಹಾಗಿರಲಿಲ್ಲ. ಆ ವಾರ ಹೊಳಬಸಪ್ಪ ತಾನೇ ಸಕ್ರವ್ವನ ಪಡಸಾಲೆಗೆ ಹೋಗಿ ಕೂತು, ನೂಲು ಹೇಗಿದೆ ಎಂದು ವಿಚಾರಿಸಿದ.