ಮಾವನನ್ನು ಹೊರಗೆ ಕಳಿಸದ ಪರೀಕ್ಷೆ

ಸಹಾನುಭೂತಿಗೆ ಹತ್ತು ಅಂಕ. ಏಳು ಬಂದವಳಿಗಿಂತ ಎಂಟು ಬಂದವಳ ಹತ್ತಿರ ಹೆಚ್ಚಿಗೆ ಇರುವ ಆ ಒಂದು ಅಂಕದ ಸಹಾನುಭೂತಿ ಎಂಥದು ಅಂತ ನಾನು ಕ್ಲಾಸಿನಲ್ಲಿ ಎದ್ದು ನಿಂತು ಕೇಳಿದ್ದೆ. ನಮ್ಮ ಮೇಡಂ ಕನ್ನಡಕ ಒರೆಸಿಕೊಳ್ಳುತ್ತ, "ನಿನಗ ಏಳು ಬಂದ ದಿನ ಗೊತ್ತಾಕ್ಕೈತಿ, ಕುಂದರು" ಅಂದಿದ್ದರು.

ಚರ್ಚಾಸ್ಪರ್ಧೆಯಲ್ಲಿ ಪರ ನಿಲ್ಲಿಸಲಿ, ವಿರೋಧ ನಿಲ್ಲಿಸಲಿ, ಬಹುಮಾನ ತಂದವಳು ನಾನು. ಆದರೆ ವಿವಾಹ ಮತ್ತು ಕುಟುಂಬ ಆಪ್ತಸಮಾಲೋಚನೆಯ ಎಂ.ಎ. ಕೊನೆಯ ಪ್ರಾಯೋಗಿಕ ಪರೀಕ್ಷೆಯಲ್ಲಿ ಸೋಲಿಸಲು ಎದುರಾಳಿಯೇ ಇಲ್ಲ. ಒಬ್ಬ ಗಂಡ, ಒಬ್ಬ ಹೆಂಡತಿ, ನಡುವೆ ನಾನು, ಮೂಲೆಯಲ್ಲಿ ಮೌಲ್ಯಮಾಪನದ ಹಾಳೆ ಹಿಡಿದ ಮೇಡಂ. ಆ ಭೇಟಿಯೂ ಆಗಬೇಕು, ಅದೇ ಕುಟುಂಬದ ಜೊತೆ ಮುಂದಿನ ವಾರ ಇನ್ನೊಂದು ಭೇಟಿಯೂ ಆಗಬೇಕು. ಎರಡರಲ್ಲಿ ಒಂದು ತಪ್ಪಿದರೂ ಮುಂದಿನ ವರ್ಷ ಮತ್ತೆ ಮೊದಲಿಂದ. ಮುಂದಿನ ವರ್ಷ ಅನ್ನುವುದು ನನ್ನ ಪಾಲಿಗೆ ಇರಲಿಲ್ಲ. ನರಗುಂದದ ನಮ್ಮ ಮನೆಯಲ್ಲಿ ಓದಿನ ಮಾತು ಮುಗಿದ ದಿನವೇ ಮದುವೆಯ ಮಾತು ಶುರು ಆಗುವುದಿತ್ತು.

"ಗಂಡ ಹೆಂಡಿರ ಜಗಳ ಉಂಡು ಮಲಗೂತನಕ ಅಂತಾರ. ಅದಕ್ಕೂ ಒಂದು ಡಿಗ್ರಿ ಬೇಕಾ?" ಅಂತ ಅವ್ವ ದಿನಾ ಚುಚ್ಚುತ್ತಿದ್ದಳು.

"ಉಣ್ಣೂದ ಬಿಟ್ಟವರು ಏನ ಮಾಡಬೇಕವಾ?"

"ನೀ ಮೊದಲ ಉಣ್ಣು."

ಅವಳು ಹೇಳಿದ್ದು ಖರೇ ಇತ್ತು. ಪರೀಕ್ಷೆಯ ಬೆಳಿಗ್ಗೆ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟು ಎದ್ದೆ.

ನನ್ನ ಪಾಲಿಗೆ ಬಂದ ದಂಪತಿ ರಾಜೂರಿನವರು. ಗಂಡ ಗೋವಾದಲ್ಲಿ ಕಟ್ಟಡದ ಕೆಲಸಕ್ಕೆ ಹೋಗುವವನು. ಹೆಂಡತಿ ಅತ್ತೆಯ ಜೊತೆ ರಾಜೂರಿನಲ್ಲಿ ಇರಬೇಕಾದವಳು, ಸಿಟ್ಟು ಮಾಡಿಕೊಂಡು ಲಕ್ಕಲಕಟ್ಟಿಯ ಸೋದರಮಾವನ ಮನೆಗೆ ಬಂದು ಕೂತಿದ್ದಳು. ತಂದೆಯಿಲ್ಲದ ಅವಳನ್ನು ಸಾಕಿ, ಮದುವೆ ಮಾಡಿಕೊಟ್ಟವನು ಆ ಮಾವನೇ. ಹಾಗಾಗಿ ಅವನೂ ಬರುತ್ತಿದ್ದ. ನಮ್ಮ ಕಡೆ ಗಂಡ ಹೆಂಡತಿಯ ನ್ಯಾಯಕ್ಕೆ ಇಬ್ಬರೇ ಹೋಗುವ ಪದ್ಧತಿ ಎಲ್ಲಿದೆ? ಹಿರಿಯರು ಕೂಡುತ್ತಾರೆ, ಮಾತು ಅವರ ಮೂಲಕ ಹಾದು ಹೋಗುತ್ತದೆ. ಆದರೆ ಹಾಳೆಯಲ್ಲಿ ಸಾಲು ಸ್ಪಷ್ಟವಾಗಿತ್ತು: ದಂಪತಿ ಒಬ್ಬರನ್ನೊಬ್ಬರು ನೋಡಿ ನೇರವಾಗಿ ಮಾತನಾಡುವಂತೆ ಮಾಡಬೇಕು, ಮೂರನೆಯವರು ಕೋಣೆಯಲ್ಲಿ ಇರಬಾರದು.

ಅಭ್ಯಾಸದ ಭೇಟಿಯಲ್ಲಿ ನಾನು ಹಾಳೆಯ ಮಾತು ಕೇಳಿದ್ದೆ. ಮಾವನನ್ನು ಹೊರಗಿನ ಬೆಂಚಿಗೆ ಕಳಿಸಿದೆ. ಗಂಡ ನೆಲ ನೋಡಿದ, ಹೆಂಡತಿ ಫ್ಯಾನ್ ನೋಡಿದಳು. ನಾನು ಪುಸ್ತಕದಲ್ಲಿದ್ದ ಪ್ರಶ್ನೆ ಎಲ್ಲ ಕೇಳಿ ಮುಗಿಸಿದೆ. ಅವಳು ಬಾಯಿ ಬಿಟ್ಟಿದ್ದು ಒಮ್ಮೆ ಮಾತ್ರ: "ನಮ್ಮ ಮಾವ ಚಾ ಕುಡಿಯಾಕ ಹೋದ್ರೇನ್ರಿ?"

ಪರೀಕ್ಷೆಯ ದಿನ ಮೇಡಂ ಹೊಳೆಆಲೂರಿನಲ್ಲಿ ರೈಲು ಇಳಿದು, ಟಂಟಂ ರಿಕ್ಷಾ ಹತ್ತಿ ರೋಣಕ್ಕೆ ಬಂದರು. ನಮ್ಮ ಸಮಾಲೋಚನಾ ಕೋಣೆ ಒಂದು ಅಂಗಡಿಯ ಮಾಳಿಗೆ ಮೇಲೆ. ಮೇಡಂ ಮೂಲೆಯ ಕುರ್ಚಿಯಲ್ಲಿ ಕೂತು ಪೆನ್ನಿನ ಮುಚ್ಚಳ ತೆಗೆದರು. ದಂಪತಿ ಬಂದರು. ಹಿಂದೆ ಮಾವ, ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ.

"ನಾ ಹೊರಗ ಕುಂದರ್ಲೇನ ಯವ್ವಾ? ಹೋದ ಸಲ ಹಂಗ ಅಂದಿದ್ರಿ."

ನನಗೆ ಮೇಡಂ ಕಡೆ ನೋಡುವ ಧೈರ್ಯ ಇರಲಿಲ್ಲ. ಕಳಿಸಿದರೆ ಒಂದು ಸಾಲಿಗೆ ಅಂಕ ಸಿಗುತ್ತದೆ, ಕೋಣೆ ಮೂಕವಾಗುತ್ತದೆ. ಉಳಿಸಿಕೊಂಡರೆ ಮಾತು ಬರಬಹುದು, ಆ ಸಾಲು ಹೋಗುತ್ತದೆ. ಎರಡೂ ಕಡೆ ವಾದ ಮಾಡಿ ಅಭ್ಯಾಸ ಇದ್ದವಳಿಗೆ ಇದೊಂದು ಶಾಪ. ಎರಡೂ ವಾದ ಸಮ ತೂಗುತ್ತವೆ.

"ಇಲ್ಲೇ ಕುಂದರ್ರಿ" ಅಂದೆ.

ಮೂಲೆಯಲ್ಲಿ ಪೆನ್ನು ಸರಕ್ ಅಂದಿತು.

ಶುರುವಿನಲ್ಲಿ ಮಾತೆಲ್ಲ ಮಾವನ ಕಡೆಗೇ. ಗಂಡ, "ಮಾವಾ, ಗೋವಾದಾಗ ಮನಿ ಇಲ್ಲ, ತಗಡಿನ ಶೆಡ್ ಐತಿ ಅಂತ ಹೇಳ್ರಿ ಆಕಿಗೆ" ಅಂದ. ಅವಳು ಮೂರು ಅಡಿ ದೂರ ಕೂತಿದ್ದಳು. ಮಾವ ತಿರುಗಿ ಅವಳಿಗೆ ಹೇಳಿದ. ಅವಳೂ ಮಾವನ ಕಡೆಗೇ ಮುಖ ಮಾಡಿ, "ಶೆಡ್ ಆದ್ರ ಶೆಡ್. ನನ್ನ ಕರ್ಕೊಂಡು ಹೋಗಲಿಲ್ಲಂದ್ರ, ಅವರವ್ವನ ಜೋಡಿ ಅವರ ಬಂದು ಇರ್ಲಿ ಅಂತ ಹೇಳ್ರಿ" ಅಂದಳು.

ಮಾವ ಗಂಟಲು ಸರಿ ಮಾಡಿಕೊಂಡ. ಮಾತಿನ ಖಾರ ತೆಗೆದು ಬಡಿಸುವುದು ಅವನ ರೂಢಿ. "ಆಕಿಗೆ ನಿಮ್ಮವ್ವನ ಜೋಡಿ ಸ್ವಲ್ಪ ಹೊಂದಿಕಿ ಆಗವಲ್ತಂತಪಾ. ಮುಂದ ಆಕ್ಕೈತಿ."

ನನ್ನ ನಾಲಿಗೆ ತುದಿಗೆ ಒಂದು ಚಂದದ ಖಂಡನೆ ಬಂದು ನಿಂತಿತು. ಸ್ವಾಮಿ, ನೀವು ಸಾಕ್ಷಿಯನ್ನೇ ತಿರುಚುತ್ತಿದ್ದೀರಿ. ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಗಂಡ, ಇನ್ನೂ ನೆಲ ನೋಡುತ್ತಲೇ, ಅಂದ:

"ಆಕಿ ಹಂಗಂದಿಲ್ಲ ಮಾವಾ."

"ಮತ್ತೇನಂದ್ಲು?"

"ಶೆಡ್ ಆದ್ರೂ ಬರ್ತೀನಿ ಅಂದ್ಲು."

ಅವಳು ಮೊದಲ ಸಲ ಗಂಡನ ಕಡೆ ತಿರುಗಿದಳು. "ಕಿವಿ ಚಲೋ ಅದಾವು ಹಂಗಾರ."

"ಆ ಶೆಡ್ಡಿನ ಬಾಗಲಕ್ಕ ಚಿಲಕ ಇಲ್ಲ. ಸುತ್ತ ಎಲ್ಲಾ ಗಂಡಸ್ರು ಇರ್ತಾರ. ಹ್ಯಾಂಗ ಇಡ್ಲಿ ನಿನ್ನ ಅಲ್ಲಿ?"

"ಇಷ್ಟು ದಿನ ಇದನ್ನ ಯಾಕ ಹೇಳಲಿಲ್ಲ?"

"ನಾಚಿಕಿ ಬಂತು."

"ಚಿಲಕ ಹಾಕಸ್ರಿ, ಮುಗೀತು."

ನಾನು ತೆರೆದ ಬಾಯಿ ಹಾಗೇ ಮುಚ್ಚಿದೆ. ಬಾಯಿ ಮುಚ್ಚಿಕೊಂಡದ್ದಕ್ಕೆ ಹಾಳೆಯಲ್ಲಿ ಸಾಲು ಇದೆಯೋ ಇಲ್ಲವೋ ನೆನಪಾಗಲಿಲ್ಲ.

ಅವರು ಹೋದಮೇಲೆ ಮೇಡಂ ಕೇಳಿದರು. "ಹಿರಿಯರನ್ನ ಯಾಕ ಹೊರಗ ಕಳಿಸಲಿಲ್ಲ?"

"ಅವರಿಲ್ಲದಿದ್ರ ಇವರು ಮಾತಾಡಂಗಿಲ್ರಿ. ಅವರು ಮಾತು ತಪ್ಪು ಮುಟ್ಟಿಸಿದ್ದಕ್ಕ ಗಂಡ ತಿದ್ದಿದ. ತಿದ್ದಾಕ ಯಾರಾರ ಬೇಕಾಗಿತ್ತಲ್ರಿ."

"ಇದು ನಿನಗ ಮೊದಲ ಗೊತ್ತಿತ್ತೇನು?"

ಹೌದು ಅಂದಿದ್ದರೆ ಅಂಕ ಬರುತ್ತಿತ್ತು. "ಇಲ್ರಿ. ಅಂಜಿಕೊಂಡು ಕೂಡ್ಸಿದೆ."

ಮೇಡಂ ಏನೋ ಬರೆದರು. "ಆ ಸಾಲಿಗೆ ಸೊನ್ನಿ. ಉಳಿದದ್ದು ಮುಂದಿನ ಭೇಟಿ ಆದಮ್ಯಾಲೆ."

ಆ ವಾರ ದಿನ ಎಣಿಸಿದೆ. ಎರಡನೇ ಭೇಟಿಯ ದಿನ ರೋಣದ ಬಸ್‌ಸ್ಟ್ಯಾಂಡಿಗೇ ಹೋಗಿ ನಿಂತೆ. ಅವರು ಬರಬೇಕಾದ ಗಜೇಂದ್ರಗಡದ ಬಸ್ ಬಂತು. ಮಾವ ಇಳಿದ. ಹಿಂದೆ ಯಾರೂ ಇಳಿಯಲಿಲ್ಲ. ಬಸ್ಸಿನ ಒಳಗೆ ಹಣಿಕಿ ಹಾಕಿದೆ, ಕಂಡಕ್ಟರ್ ನನ್ನನ್ನೇ ನೋಡಿದ.

"ಅವರು ಗೋವಾಕ್ಕ ಹೋದ್ರು ಯವ್ವಾ" ಅಂದ ಮಾವ. "ಇಬ್ಬರೂ. ಕೆಲಸ ಕೊಡೋ ಮುಕಾದಮ ಲಗೂ ಬರ್ರಿ ಅಂದ್ನಂತ. ಚಿಲಕ ನಾನ ಕೊಡಿಸೀನಿ, ಹಿತ್ತಾಳಿದು."

ಸಂತೋಷ ಆಗಬೇಕಿತ್ತು. ನನಗೆ ಕಣ್ಣಿಗೆ ಕಂಡದ್ದು ಮುಂದಿನ ವರ್ಷ. ಅದರ ಮೇಲೆ ಅನುಮಾನ ಬೇರೆ: ಅವರು ಹೋದದ್ದು ನನ್ನ ಭೇಟಿಯಿಂದಲೋ, ಮುಕಾದಮನ ಅವಸರದಿಂದಲೋ? ಯಾರು ಸಾಬೀತು ಮಾಡುತ್ತಾರೆ?

"ಮತ್ತ ನೀವ್ಯಾಕ ಬಂದ್ರಿ?"

"ನಿಮ್ಮ ಪರೀಕ್ಷಾ ಐತೆಲ್ಲ. ಹೊರಗ ಹೋಗದ ತಪ್ಪು ನಂದು, ಈ ಹುಡುಗೀದಲ್ಲ ಅಂತ ನಿಮಗ ಕಲಿಸೋ ಅಕ್ಕಾರಿಗೆ ಹೇಳಾಕ."

ಮಾಳಿಗೆ ಹತ್ತಿದೆವು. ನಾನು ಏದುಸಿರಿನಲ್ಲೇ ವಾದ ಹೂಡಿದೆ. ನಿಯಮದಲ್ಲಿ ಎರಡನೇ ಭೇಟಿ ಕುಟುಂಬದ ಜೊತೆ ಅಂತ ಇದೆ, ದಂಪತಿಯ ಜೊತೆ ಅಂತ ಇಲ್ಲ. ಸಾಕಿದವನು, ಮದುವೆ ಮಾಡಿಕೊಟ್ಟವನು, ಚಿಲಕ ಕೊಡಿಸಿದವನು ಕುಟುಂಬ ಅಲ್ಲದಿದ್ದರೆ ಇನ್ಯಾರು? ಮೇಡಂ ಅಡ್ಡ ಮಾತಾಡದೆ ಕೇಳಿದರು. ಆಮೇಲೆ ಹೊಸ ಹಾಳೆ ತೆಗೆದು, ಕುರ್ಚಿಯನ್ನು ಮೂಲೆಗೆ ಎಳೆದುಕೊಂಡರು.

"ಶುರು ಮಾಡು. ಪಾಸ್ ಅಂತ ತಿಳ್ಕೋಬ್ಯಾಡ."

ಮಾವ ಗಾಬರಿಯಾದ. "ನನಗೇನ ತ್ರಾಸ ಇಲ್ರಿ."

"ಇರವಲ್ದ್ಯಾಕ. ಆ ಹುಡುಗಿ ಹೋದಮ್ಯಾಲೆ ಮನ್ಯಾಗ ಯಾರ ಜೋಡಿ ಮಾತಾಡ್ತೀರಿ?" ಅಂತ ನಾನು ಕೇಳಿದೆ.

ಅವನು ಟವೆಲ್ಲನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಹೊರಗೆ ಟಂಟಂನವ ಹೊಳೆಆಲೂರು ಹೊಳೆಆಲೂರು ಅಂತ ಕೂಗುತ್ತಿದ್ದ. ನನಗೆ ಮುಂದಿನ ಪ್ರಶ್ನೆ ಗೊತ್ತಿತ್ತು. ಕೇಳಲಿಲ್ಲ.

"ನಮ್ಮ ಮನಿಯಾಕಿ ಜೋಡಿ ಮಾತಾಡಬೇಕಂದ್ರ..." ಅಂದ ಕೊನೆಗೆ. "ಇಷ್ಟು ವರ್ಷ ನಮ್ಮಿಬ್ಬರ ಮಾತು ಆ ಹುಡುಗಿನ ನಡುವ ಹೇಳ್ತಿತ್ತು ನೋಡ್ರಿ. ಮುಂದಿನ ವಾರ ಆಕಿನ್ನೂ ಕರ್ಕೊಂಡ ಬರ್ಲೇನು?"

ಮೂಲೆಯಲ್ಲಿ ಪೆನ್ನು ಸರಕ್ ಅಂದಿತು. ಈ ಸಲ ತಿರುಗಿ ನೋಡಬೇಕು ಅನ್ನಿಸಿತು. ಮಾವ ಇನ್ನೂ ನನ್ನ ಮುಖ ನೋಡುತ್ತಿದ್ದ.

"ಕರ್ಕೊಂಡ ಬರ್ರಿ" ಅಂದೆ.